ತೆಳುಗೊಳಿಸಿದ ಸಾರತೈಲ ಉಣುಗನ್ನು ಎಷ್ಟು ಹೊತ್ತು ದೂರವಿಡುತ್ತದೆ?

ಪೊದೆಗಳ ನಡುವಿನ ಕಾಲುದಾರಿಯಲ್ಲಿ ನಡೆಯುವವರು, ಹುಲ್ಲು ಕೊಯ್ಯುವವರು, ನಾಯಿಯನ್ನು ಕಾಡಂಚಿಗೆ ಕರೆದೊಯ್ಯುವವರು ಉಣುಗಿನ ಕಡಿತಕ್ಕೆ ಹೆದರುವುದಕ್ಕೆ ತಕ್ಕ ಕಾರಣವಿದೆ. ಲೈಮ್ ಕಾಯಿಲೆ, ಕ್ರಿಮಿಯನ್-ಕಾಂಗೋ ರಕ್ತಸ್ರಾವ ಜ್ವರ, ಕ್ಯಾಸನೂರು ಕಾಡಿನ ಕಾಯಿಲೆ ಇವೆಲ್ಲ ಉಣುಗಿನ ಮೂಲಕ ಮನುಷ್ಯರಿಗೆ ದಾಟುವ ರೋಗಗಳು. ನಿವಾರಕವೊಂದು ಬೇಕು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಡೀಟ್‌ನಂಥ ಸಂಶ್ಲೇಷಿತ ವಸ್ತುವನ್ನು ಮೈಗೆ ಹಚ್ಚಿಕೊಳ್ಳಲು ಮನಸ್ಸಾಗದ ಅನೇಕರು ಲವಂಗ, ನಿಂಬೆಹುಲ್ಲು, ಜೆರೇನಿಯಂ, ಸೀಡರ್ ಮುಂತಾದವುಗಳ ಸಾರತೈಲವನ್ನು, ಅಂದರೆ ಎಸೆನ್ಷಿಯಲ್ ಆಯಿಲ್ ಎಂಬ ಹೆಸರಿನಲ್ಲಿ ಸಣ್ಣ ಸೀಸೆಗಳಲ್ಲಿ ಮಾರಾಟವಾಗುವ ಎಣ್ಣೆಯನ್ನು, ತೆಳುಗೊಳಿಸಿ ಬಳಸಲು ಬಯಸುತ್ತಾರೆ. ಈ ಎಣ್ಣೆಗಳು ಉಣುಗನ್ನು ಹಿಮ್ಮೆಟ್ಟಿಸುತ್ತವೆಯೇ ಎಂದು ಕೇಳಿದರೆ, ಹಲವು ಎಣ್ಣೆಗಳ ವಿಷಯದಲ್ಲಿ ಪ್ರಯೋಗಾಲಯಗಳು ಹೌದು ಎಂದೇ ಉತ್ತರಿಸಿವೆ. ಆದರೆ ಆ ಪ್ರಶ್ನೆ ಅಪೂರ್ಣ. ಚರ್ಮ ತಾಳಿಕೊಳ್ಳುವಷ್ಟು ತೆಳುವಾಗಿಸಿದ ಮೇಲೂ ಅವು ಕೆಲಸ ಮಾಡುತ್ತವೆಯೇ, ಮಾಡಿದರೆ ಎಷ್ಟು ಹೊತ್ತು ಎಂದು ಕೇಳಬೇಕು.

ಇದಕ್ಕೆ ಉತ್ತರ ಹುಡುಕುವ ಮೊದಲು ಉಣುಗು ನಮ್ಮನ್ನು ಹೇಗೆ ಪತ್ತೆ ಮಾಡುತ್ತದೆ ಎಂಬುದನ್ನು ನೋಡಬೇಕಾಗುತ್ತದೆ. ಉಣುಗು ಕೀಟವಲ್ಲ, ಜೇಡ, ಚೇಳುಗಳ ಬಳಗಕ್ಕೆ ಸೇರಿದ ಜೀವಿ. ಮೊಟ್ಟೆಯೊಡೆದು ಬಂದ ಮರಿಗೆ ಆರು ಕಾಲುಗಳಿದ್ದು, ಮುಂದಿನ ಹಂತಗಳಲ್ಲಿ ಎಂಟಾಗುತ್ತವೆ. ಅದಕ್ಕೆ ರೆಕ್ಕೆಯಿಲ್ಲ, ಅದು ಹಾರುವುದೂ ಇಲ್ಲ, ನೆಗೆಯುವುದೂ ಇಲ್ಲ. ಮರದಿಂದ ಮೈಮೇಲೆ ಬೀಳುತ್ತದೆ ಎಂಬ ನಂಬಿಕೆಗೂ ಆಧಾರವಿಲ್ಲ. ಗಟ್ಟಿ ಕವಚದ ಉಣುಗುಗಳಲ್ಲಿ ಹೆಚ್ಚಿನವು ಹುಲ್ಲಿನ ಎಸಳನ್ನೋ ತಗ್ಗಿನ ಗಿಡವನ್ನೋ ಏರಿ, ಹಿಂಗಾಲುಗಳಿಂದ ಅದನ್ನು ಹಿಡಿದು, ಮುಂಗಾಲುಗಳನ್ನು ಗಾಳಿಯಲ್ಲಿ ಚಾಚಿ ಕಾಯುತ್ತವೆ. ಆ ಮುಂಗಾಲಿನ ತುದಿಯಲ್ಲಿ ಹಾಲರ್ ಅಂಗ ಎಂಬ ಸಣ್ಣ ಗುಳಿಯಂಥ ಇಂದ್ರಿಯವಿದೆ. 1881ರಲ್ಲಿ ಅದನ್ನು ವಿವರಿಸಿದ ಹಾಲರ್ ಅದು ಕಿವಿಯಿರಬೇಕೆಂದು ಭಾವಿಸಿದ್ದ. ವಾಸ್ತವದಲ್ಲಿ ಅದು ಮೂಗಿನ ಕೆಲಸ ಮಾಡುತ್ತದೆ. ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯಿಂದ ಹೊರಡುವ ಅಮೋನಿಯ, ತೇವ, ಶಾಖ ಇವನ್ನು ಗ್ರಹಿಸಿ, ಪ್ರಾಣಿಯೊಂದು ಹತ್ತಿರ ಬಂದಿದೆ ಎಂದು ಉಣುಗಿಗೆ ತಿಳಿಸುವುದು ಆ ಅಂಗವೇ. ಸಾರತೈಲದ ಆವಿ ಮುಖ್ಯವಾಗಿ ಈ ಗ್ರಹಿಕೆಯನ್ನು ಕಲಕುತ್ತದೆ. ಸಾರತೈಲದಲ್ಲಿರುವ ಟರ್ಪೀನ್ ಎಂಬ ಪರಿಮಳದ ಅಣುಗಳಲ್ಲಿ ಕೆಲವು ಇನ್ನೂ ಮುಂದೆ ಹೋಗಿ ನರಮಂಡಲದ ಆಕ್ಟೋಪಮೈನ್ ಗ್ರಾಹಕಗಳ ಮೇಲೋ ಅಸಿಟೈಲ್‌ಕೋಲಿನೆಸ್ಟರೇಸ್ ಕಿಣ್ವದ ಮೇಲೋ ವರ್ತಿಸುತ್ತವೆ. ಪ್ರಮಾಣ ಹೆಚ್ಚಾದಾಗ ಅವು ಉಣುಗನ್ನು ದೂರವಿಡುವುದಷ್ಟೇ ಅಲ್ಲದೆ ಕೊಲ್ಲುವುದೂ ಉಂಟು.

ಅಂದರೆ ಎಣ್ಣೆ ಕೆಲಸ ಮಾಡಬೇಕಾದರೆ ಅದು ಆವಿಯಾಗುತ್ತಿರಬೇಕು, ಆವಿಯಾಗುತ್ತಿದ್ದರೆ ಅದು ಮುಗಿಯುತ್ತಲೂ ಇರುತ್ತದೆ. ವಿಷಯದ ತಿರುಳು ಇಲ್ಲಿದೆ. ಸಾರತೈಲವೆಂಬುದು ಎಲೆ, ಹೂವು, ತೊಗಟೆ ಅಥವಾ ಕಟ್ಟಿಗೆಯನ್ನು ಸಾಮಾನ್ಯವಾಗಿ ಹಬೆಯಲ್ಲಿ ಬಟ್ಟಿ ಇಳಿಸಿ ಪಡೆದ, ಸುಲಭವಾಗಿ ಆವಿಯಾಗುವ ಅಣುಗಳ ಮಿಶ್ರಣ. ಬೀಜವನ್ನು ಹಿಂಡಿ ತೆಗೆಯುವ ಬೇವಿನ ಎಣ್ಣೆಯನ್ನೂ ಇದೇ ಗುಂಪಿಗೆ ಸೇರಿಸಿ ಮಾತನಾಡುವುದುಂಟು. ಅದು ತಪ್ಪು, ಏಕೆಂದರೆ ಬೇವಿನ ಎಣ್ಣೆ ಎಳ್ಳೆಣ್ಣೆ, ತೆಂಗಿನೆಣ್ಣೆಗಳಂತೆ ಆವಿಯಾಗದ ಸ್ಥಿರ ತೈಲ, ಅದರ ಗುಣವೂ ಅಪಾಯವೂ ಬೇರೆ. ಸಾರತೈಲಗಳ ಬಹುಭಾಗ ಮಾನೊಟರ್ಪೀನ್‌ಗಳೆಂಬ ಹತ್ತು ಇಂಗಾಲದ ಸಣ್ಣ ಅಣುಗಳು. ನಿಂಬೆ, ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್‌ನ ಕುದಿಬಿಂದು ಸುಮಾರು 176 ಡಿಗ್ರಿ ಸೆಲ್ಸಿಯಸ್, ಜೆರೇನಿಯಂ ಮತ್ತು ಸಿಟ್ರೊನೆಲ್ಲಾ ಎಣ್ಣೆಗಳಲ್ಲಿರುವ ಜೆರಾನಿಯಾಲ್‌ನದು ಸುಮಾರು 230 ಡಿಗ್ರಿ. ಡೀಟ್ ಕುದಿಯುವುದು 280 ಡಿಗ್ರಿಗೂ ಮೇಲೆ. ಚರ್ಮದ ಮೇಲೆ ಯಾವುದೂ ಕುದಿಯುವುದಿಲ್ಲ ನಿಜ, ಆದರೆ ಯಾವುದು ಬೇಗ ಗಾಳಿಗೆ ಹಾರಿಹೋಗುತ್ತದೆ ಎಂಬುದರ ಅಂದಾಜು ಈ ಅಂಕಿಗಳಿಂದ ಸಿಗುತ್ತದೆ. ಮೈಯ ಬಿಸಿ, ಬೆವರು, ಗಾಳಿ, ಬಟ್ಟೆಯ ಉಜ್ಜಾಟ ಸೇರಿಕೊಂಡರೆ ಹಗುರ ಅಣುಗಳು ಇನ್ನಷ್ಟು ಬೇಗ ಹೋಗುತ್ತವೆ. ಮನುಷ್ಯನ ಮೂಗಿಗೆ ವಾಸನೆ ಇನ್ನೂ ಬರುತ್ತಿದೆ ಎಂಬುದು ಉಣುಗಿಗೆ ಸಾಕಾಗುವಷ್ಟು ಎಣ್ಣೆ ಉಳಿದಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಇದಕ್ಕೆ ತೆಳುಗೊಳಿಸುವಿಕೆಯ ಲೆಕ್ಕವನ್ನು ಸೇರಿಸಿ ನೋಡೋಣ. ಒಂದು ಮುಂಗೈಯ ಚರ್ಮ ಸುಮಾರು 600 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡು, ಶೇಕಡ 2ರ ಮಿಶ್ರಣವನ್ನು 1 ಮಿಲಿಲೀಟರ್ ಹಚ್ಚಿದರೆ, ಅದರಲ್ಲಿರುವ ಸಾರತೈಲ ಸುಮಾರು 18 ಮಿಲಿಗ್ರಾಂ. ಚದರ ಸೆಂಟಿಮೀಟರಿಗೆ 0.03 ಮಿಲಿಗ್ರಾಂ. ಅಷ್ಟೇ ಪ್ರಮಾಣದ ಶೇಕಡ 20ರ ಡೀಟ್ ದ್ರಾವಣ ಹಚ್ಚಿದರೆ ಚದರ ಸೆಂಟಿಮೀಟರಿಗೆ 0.33 ಮಿಲಿಗ್ರಾಂ ಉಳಿಯುತ್ತದೆ. ಹತ್ತು ಪಟ್ಟಿಗೂ ಹೆಚ್ಚಿನ ಅಂತರ, ಅದರ ಮೇಲೆ ಆವಿಯಾಗುವ ವೇಗದಲ್ಲಿಯೂ ಅಂತರ. ಆದ್ದರಿಂದ ಯಾವುದೋ ಎಣ್ಣೆ ಡೀಟ್‌ನಷ್ಟೇ ಪರಿಣಾಮಕಾರಿ ಎಂಬ ಮಾತು ಕಿವಿಗೆ ಬಿದ್ದಾಗ, ಯಾವ ಸಾಂದ್ರತೆಯಲ್ಲಿ, ಹಚ್ಚಿದ ಎಷ್ಟು ಹೊತ್ತಿನ ನಂತರ ಎಂದು ಕೇಳದೆ ಅದನ್ನು ಒಪ್ಪಿಕೊಳ್ಳಬಾರದು. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಉಣುಗಿಗೆ ಮೇಲೇರುವ ಸ್ವಭಾವವಿರುವುದನ್ನು ಬಳಸಿಕೊಂಡು, ಎಣ್ಣೆ ಹಚ್ಚಿದ ಶೋಧಕ ಕಾಗದದ ಪಟ್ಟಿಯನ್ನೋ ಬೆರಳನ್ನೋ ಲಂಬವಾಗಿ ನಿಲ್ಲಿಸಿ, ಅದು ಎಣ್ಣೆಯ ಗಡಿಯನ್ನು ದಾಟುತ್ತದೆಯೇ ಇಲ್ಲವೇ ಎಂದು ಗಮನಿಸುತ್ತಾರೆ. ಇದು ಎಣ್ಣೆಗಳನ್ನು ಒಂದಕ್ಕೊಂದು ಹೋಲಿಸಲು ಒಳ್ಳೆಯ ವಿಧಾನ. ಆದರೆ ಕಾಗದ ಬೆವರುವುದಿಲ್ಲ, ಉಸಿರಾಡುವುದಿಲ್ಲ. ಅದರ ಮೇಲೆ ಹತ್ತು ನಿಮಿಷ ಗೆದ್ದ ಎಣ್ಣೆ ಬೆವರುವ ಕಾಲಿನ ಮೇಲೆ ಮೂರು ಗಂಟೆ ಗೆಲ್ಲುತ್ತದೆಂದು ಹೇಳಲು ಬರುವುದಿಲ್ಲ.

ಸಸ್ಯಮೂಲದ ನಿವಾರಕಗಳಲ್ಲಿ ಅತ್ಯಂತ ಯಶಸ್ವಿಯಾದದ್ದರ ಕಥೆಯೂ ಇದನ್ನೇ ತೋರಿಸುತ್ತದೆ. ನಿಂಬೆಯ ಪರಿಮಳದ ನೀಲಗಿರಿ ಜಾತಿಯ ಮರವೊಂದಿದೆ, ಸಸ್ಯಶಾಸ್ತ್ರದಲ್ಲಿ ಕೊರಿಂಬಿಯಾ ಸಿಟ್ರಿಯೊಡೋರಾ. ಚೀನಾದಲ್ಲಿ 1960ರ ದಶಕದಲ್ಲಿ ನಿವಾರಕ ಗುಣವಿರುವ ಸಸ್ಯಗಳಿಗಾಗಿ ದೊಡ್ಡ ಶೋಧ ನಡೆದಾಗ, ಈ ಮರದ ಎಲೆಯಿಂದ ಬಟ್ಟಿ ಇಳಿಸಿದ ಸಾರತೈಲದ ಪ್ರಭಾವ ಬೇಗನೆ ಕುಂದುವುದು ಕಂಡುಬಂದಿತು. ಬಟ್ಟಿ ಇಳಿಸಿದ ಮೇಲೆ ಉಳಿದ, ಎಸೆಯಬೇಕಾಗಿದ್ದ ಶೇಷಭಾಗ ಮಾತ್ರ ಗಂಟೆಗಟ್ಟಲೆ ರಕ್ಷಣೆ ನೀಡಿತು. ಆ ಶೇಷದಲ್ಲಿದ್ದ, ನಿಧಾನವಾಗಿ ಆವಿಯಾಗುವ ಅಣುವೇ ಪ್ಯಾರಾ-ಮೆಂಥೇನ್-3,8-ಡಯಾಲ್, ಸಂಕ್ಷಿಪ್ತವಾಗಿ ಪಿಎಂಡಿ. ಇಂದು 'ಆಯಿಲ್ ಆಫ್ ಲೆಮನ್ ಯೂಕಲಿಪ್ಟಸ್' ಎಂಬ ಹೆಸರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯಲ್ಲಿ ನೋಂದಣಿಯಾಗಿರುವ ನಿವಾರಕ, ಎಲೆಯ ಎಣ್ಣೆಯಲ್ಲಿರುವ ಸಿಟ್ರೊನೆಲ್ಲಾಲ್ ಅನ್ನು ಪಿಎಂಡಿಯಾಗಿ ಪರಿವರ್ತಿಸಿದ, ಸುಮಾರು ಶೇಕಡ 65ರಷ್ಟು ಪಿಎಂಡಿ ಇರುವ ಸಂಸ್ಕರಿತ ತೈಲ. ಸೀಸೆಯಲ್ಲಿ ಸಿಗುವ ಲೆಮನ್ ಯೂಕಲಿಪ್ಟಸ್ ಸಾರತೈಲದಲ್ಲಿಯೋ ಪಿಎಂಡಿ ಅತ್ಯಲ್ಪ. ಹೆಸರು ಹೆಚ್ಚುಕಡಿಮೆ ಒಂದೇ, ಒಳಗಿರುವ ವಸ್ತು ಬೇರೆ. ಸಂಸ್ಕರಿತ ತೈಲದ ಕೀರ್ತಿಯನ್ನು ನೋಡಿ ಸಾರತೈಲವನ್ನು ಕೊಂಡು ಮನೆಯಲ್ಲಿ ಬೆರೆಸುವವರು ಮೋಸಹೋಗುವುದು ಇಲ್ಲಿಯೇ.

ಇದೇ ತರ್ಕದ ಬೇರೆ ಉದಾಹರಣೆಗಳೂ ಇವೆ. ದ್ರಾಕ್ಷಿಹಣ್ಣಿನಂತಲ್ಲದ, ಕಿತ್ತಳೆ ಜಾತಿಯ ಗ್ರೇಪ್‌ಫ್ರೂಟ್ ಹಣ್ಣಿನಲ್ಲಿಯೂ ಅಲಾಸ್ಕಾದ ಹಳದಿ ಸೀಡರ್ ಮರದಲ್ಲಿಯೂ ಇರುವ ನೂಟ್‌ಕಟೋನ್ ಎಂಬ ಹದಿನೈದು ಇಂಗಾಲದ ಅಣು ಉಣುಗನ್ನು ದೂರವಿಡುವುದರ ಜೊತೆಗೆ ಕೊಲ್ಲಲೂ ಬಲ್ಲದು. ಅದನ್ನು ಅಮೆರಿಕ 2020ರಲ್ಲಿ ನೋಂದಾಯಿಸಿತು. ಜೆರೇನಿಯಂ ಎಣ್ಣೆಯನ್ನು ಭಾಗಭಾಗವಾಗಿ ಬೇರ್ಪಡಿಸಿ ಪರೀಕ್ಷಿಸಿದಾಗ, ಅಮೆರಿಕದ ಲೋನ್ ಸ್ಟಾರ್ ಎಂಬ ಜಾತಿಯ ಉಣುಗಿನ ಮೇಲೆ ಹೆಚ್ಚು ಪ್ರಭಾವ ಬೀರಿದ್ದು 10-ಎಪಿ-ಗಾಮಾ-ಯೂಡೆಸ್ಮಾಲ್ ಎಂಬ, ಹದಿನೈದು ಇಂಗಾಲಗಳದೇ ಆದ ಭಾರವಾದ ಅಣು. ಎಲ್ಲ ಜೆರೇನಿಯಂ ಎಣ್ಣೆಯಲ್ಲಿಯೂ ಅದು ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ತಳಿ, ಮಣ್ಣು, ಕೊಯ್ಲಿನ ಕಾಲಕ್ಕೆ ತಕ್ಕಂತೆ ಎಣ್ಣೆಯ ರಚನೆ ಬದಲಾಗುತ್ತದೆ. ತೆಂಗಿನೆಣ್ಣೆಯ ವಿಷಯವೂ ಹೀಗೆಯೇ: ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ರಕ್ತ ಹೀರುವ ಕೀಟಗಳನ್ನೂ ಉಣುಗನ್ನೂ ದೀರ್ಘಕಾಲ ಹಿಮ್ಮೆಟ್ಟಿಸಿದ್ದು ತೆಂಗಿನೆಣ್ಣೆಯಿಂದ ಬೇರ್ಪಡಿಸಿದ ಮೇದಾಮ್ಲಗಳು, ತೆಂಗಿನೆಣ್ಣೆ ತಾನಾಗಿ ಅಲ್ಲ. ಸಸ್ಯದಲ್ಲಿ ಗುಣವಿದೆ, ಆದರೆ ಆ ಗುಣ ಬಹುತೇಕ ಸಂದರ್ಭಗಳಲ್ಲಿ ಬೇರ್ಪಡಿಸಿದ, ಸಾಂದ್ರಗೊಳಿಸಿದ ರೂಪದಲ್ಲಿ ಮಾತ್ರ ಬಳಕೆಗೆ ಯೋಗ್ಯವಾಗುತ್ತದೆ.

'ನೈಸರ್ಗಿಕ ಉಣುಗು ನಿವಾರಕ' ಎಂಬ ಚೀಟಿಯಿರುವ ಸಿದ್ಧ ಉತ್ಪನ್ನಗಳ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ ಸೀಡರ್, ಸಿಟ್ರೊನೆಲ್ಲಾ, ಪುದೀನ, ರೋಸ್‌ಮೇರಿ ಮುಂತಾದ ಎಣ್ಣೆಗಳಿಂದ ಮಾಡಿದ ಉತ್ಪನ್ನಗಳನ್ನು 'ಕನಿಷ್ಠ ಅಪಾಯ'ದವೆಂದು ಪರಿಗಣಿಸಿ ನೋಂದಣಿಯಿಂದ ವಿನಾಯಿತಿ ನೀಡಲಾಗಿದೆ. ಆ ವಿನಾಯಿತಿ ಹೇಳುವುದು ಅಪಾಯದ ಬಗ್ಗೆ. ಅವು ಎಷ್ಟು ಹೊತ್ತು ಕೆಲಸ ಮಾಡುತ್ತವೆ ಎಂಬುದನ್ನು ಸರ್ಕಾರ ಪರಿಶೀಲಿಸಿದೆ ಎಂದು ಅದರ ಅರ್ಥವಲ್ಲ.

ಇಷ್ಟನ್ನು ತಿಳಿದ ಮೇಲೂ, ರೋಗದ ಭಯ ಕಡಿಮೆಯಿರುವ ಕಡೆ, ಅರ್ಧ ಗಂಟೆಯ ಓಡಾಟಕ್ಕೆ ಸಾರತೈಲವನ್ನು ಬಳಸಲು ಬಯಸುವವರು ಅದನ್ನು ಸರಿಯಾಗಿ ತೆಳುಗೊಳಿಸಲು ಕಲಿಯಬೇಕು. ವಯಸ್ಕರ ಚರ್ಮಕ್ಕೆ ಸಾಮಾನ್ಯವಾಗಿ ಶೇಕಡ 1ರಿಂದ 2ರ ಮಿಶ್ರಣವನ್ನು ಸೂಚಿಸಲಾಗುತ್ತದೆ. 30 ಮಿಲಿಲೀಟರ್ ಎಳ್ಳೆಣ್ಣೆ, ಬಾದಾಮಿ ಎಣ್ಣೆ ಅಥವಾ ತೆಂಗಿನೆಣ್ಣೆಗೆ 0.6 ಮಿಲಿಲೀಟರ್ ಸಾರತೈಲ ಬೆರೆಸಿದರೆ ಶೇಕಡ 2 ಆಗುತ್ತದೆ. ಒಂದು ಮಿಲಿಲೀಟರಿಗೆ 20 ಹನಿ ಎಂಬ ರೂಢಿಯ ಲೆಕ್ಕದಲ್ಲಿ ಅದು 12 ಹನಿ. ಆದರೆ ಎಣ್ಣೆಯ ಮಂದತೆ ಮತ್ತು ಸೀಸೆಯ ಬಾಯಿಗೆ ತಕ್ಕಂತೆ ಹನಿಯ ಗಾತ್ರ ಬದಲಾಗುವುದರಿಂದ, ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯುವುದು ಹೆಚ್ಚು ನಂಬಲರ್ಹ. ಶೇಕಡ 2 ಎಂಬುದೂ ಎಲ್ಲ ಎಣ್ಣೆಗಳಿಗೆ ಅನ್ವಯಿಸುವುದಿಲ್ಲ. ಸುರಕ್ಷತಾ ಕೈಪಿಡಿಗಳಲ್ಲಿ ಲವಂಗದ ಎಣ್ಣೆಗೆ ಸೂಚಿಸಿರುವ ಗರಿಷ್ಠ ಮಿತಿ ಶೇಕಡ 0.5, ನಿಂಬೆಹುಲ್ಲಿನ ಎಣ್ಣೆಗೆ ಶೇಕಡ 0.7, ದಾಲ್ಚಿನ್ನಿ ತೊಗಟೆಯ ಎಣ್ಣೆಗೆ ಶೇಕಡ 0.07. ಉಣುಗಿನ ಮೇಲೆ ಬಲವಾಗಿ ವರ್ತಿಸುತ್ತವೆಂದು ಹೆಸರಾದ ಲವಂಗ, ನಿಂಬೆಹುಲ್ಲಿನಂಥ ಎಣ್ಣೆಗಳನ್ನೇ ಚರ್ಮ ಅತಿ ಕಡಿಮೆ ಸಹಿಸುತ್ತದೆ ಎಂಬುದು ಈ ವಿಷಯದ ದೊಡ್ಡ ತೊಡಕು. ನಾಲ್ಕು ಎಣ್ಣೆಗಳನ್ನು ಬೆರೆಸಿದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಶೇಕಡ 2 ಎಂದು ಎಣಿಸುವವರೂ ಇದ್ದಾರೆ. ಮಿತಿ ಒಟ್ಟು ಮಿಶ್ರಣಕ್ಕೆ.

ಎಲ್ಲಕ್ಕಿಂತ ಹೆಚ್ಚು ಹರಡಿರುವ ತಪ್ಪು ವಿಧಾನವೆಂದರೆ ನೀರು ತುಂಬಿದ ಸಿಂಪಡಿಕೆ ಬಾಟಲಿಗೆ ಇಪ್ಪತ್ತು ಹನಿ ಎಣ್ಣೆ ಹಾಕಿ ಕುಲುಕುವುದು. ಸಾರತೈಲ ನೀರಿನಲ್ಲಿ ಕರಗುವುದಿಲ್ಲ. ಕುಲುಕಿದ ಕ್ಷಣಕಾಲ ಬೆರೆತಂತೆ ಕಂಡು ಮತ್ತೆ ಬೇರ್ಪಡುತ್ತದೆ. ಪರಿಣಾಮವಾಗಿ ಒಂದು ಸಿಂಪಡಿಕೆಯಲ್ಲಿ ಬರೀ ನೀರು, ಇನ್ನೊಂದರಲ್ಲಿ ತೆಳುಗೊಳ್ಳದ ಎಣ್ಣೆ ಚರ್ಮದ ಮೇಲೆ ಬೀಳುತ್ತದೆ: ಮೊದಲನೆಯದರಿಂದ ರಕ್ಷಣೆಯಿಲ್ಲ, ಎರಡನೆಯದರಿಂದ ಉರಿ. ನೀರು ಬೇಕೇಬೇಕು ಎನ್ನುವುದಾದರೆ ಪಾಲಿಸಾರ್ಬೇಟ್‌ನಂಥ, ಎಣ್ಣೆಯನ್ನು ನೀರಿನೊಂದಿಗೆ ಹಿಡಿದಿಡುವ ವಸ್ತು ಬೇಕು. ಹೆಚ್ಚು ಸಾಂದ್ರತೆಯ ಆಲ್ಕೋಹಾಲ್‌ನಲ್ಲಿ ಎಣ್ಣೆ ಕರಗುತ್ತದೆ, ಆದರೆ ಅಂಥ ದ್ರಾವಣ ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ, ಚರ್ಮವನ್ನೂ ಒಣಗಿಸುತ್ತದೆ. ಸ್ಥಿರ ತೈಲದಲ್ಲಿ ಬೆರೆಸುವುದೇ ಸರಳ. ಸ್ಥಿರ ತೈಲ ಆವಿಯಾಗುವ ವೇಗವನ್ನೂ ತುಸು ತಗ್ಗಿಸುತ್ತದೆ.

ಹಳೆಯ ಎಣ್ಣೆ ಹೊಸದಕ್ಕಿಂತ ಅಪಾಯಕಾರಿ ಎಂಬುದು ಹಲವರಿಗೆ ಅಚ್ಚರಿಯ ಸಂಗತಿ. ಲಿಮೊನೀನ್, ಲಿನಲೂಲ್‌ನಂಥ ಘಟಕಗಳು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಹೈಡ್ರೋಪೆರಾಕ್ಸೈಡ್‌ಗಳಾಗುತ್ತವೆ. ಇವು ಚರ್ಮಕ್ಕೆ ಅಲರ್ಜಿ ಹುಟ್ಟಿಸುತ್ತವೆ, ಮತ್ತು ಒಮ್ಮೆ ಹುಟ್ಟಿದ ಅಲರ್ಜಿ ಬಹುತೇಕ ಜೀವನವಿಡೀ ಉಳಿಯುತ್ತದೆ. ಆದ್ದರಿಂದ ಗಾಢ ಬಣ್ಣದ ಗಾಜಿನ ಸೀಸೆ, ಬಿಗಿಯಾದ ಮುಚ್ಚಳ, ತಂಪಾದ ಕತ್ತಲೆಯ ಜಾಗ ಅವಶ್ಯಕ. ಬೆರ್ಗಮಾಟ್, ಹಿಂಡಿ ತೆಗೆದ ನಿಂಬೆಯ ಎಣ್ಣೆ ಇವನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗುವುದುಂಟು. ಹೊರಾಂಗಣದ ನಿವಾರಕಕ್ಕೆ ಅವು ತಕ್ಕವಲ್ಲ. ಯಾವುದೇ ಮಿಶ್ರಣವನ್ನು ಮೊದಲು ಮೊಣಕೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಬೇಕು.

ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ನೀಲಗಿರಿ ಎಣ್ಣೆ, ಕರ್ಪೂರದ ಎಣ್ಣೆ ಸಣ್ಣ ಪ್ರಮಾಣದಲ್ಲಿ ಹೊಟ್ಟೆಗೆ ಹೋದರೂ ಮಗುವಿಗೆ ಫಿಟ್ಸ್ ಬರಬಹುದು. ನೋಂದಾಯಿತ ಲೆಮನ್ ಯೂಕಲಿಪ್ಟಸ್ ತೈಲವನ್ನು ಕೂಡ ಮೂರು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂಬ ಸೂಚನೆಯಿದೆ. ಗರ್ಭಿಣಿಯರು ಮತ್ತು ಆಸ್ತಮಾ ಇರುವವರು ವೈದ್ಯರನ್ನು ಕೇಳದೆ ಇವನ್ನು ಬಳಸದಿರುವುದು ಲೇಸು. ಉಣುಗು ನಿವಾರಕಗಳ ಪಟ್ಟಿಯಲ್ಲಿ ಆಗಾಗ ಕಾಣಿಸುವ ಪೆನ್ನಿರಾಯಲ್ ಎಣ್ಣೆ ಯಕೃತ್ತನ್ನು ಹಾಳುಮಾಡುವಂಥದ್ದು. ಅದನ್ನು ಯಾರೂ ಮುಟ್ಟದಿರಲಿ.

ಸಾಕುಪ್ರಾಣಿಗಳಿಗೆ 'ಮನುಷ್ಯರಿಗೆ ಸುರಕ್ಷಿತವಾದದ್ದು ಅವಕ್ಕೂ ಸುರಕ್ಷಿತ' ಎಂಬ ತರ್ಕ ನಡೆಯುವುದಿಲ್ಲ. ಇಂಥ ಅಣುಗಳನ್ನು ಗ್ಲುಕುರೊನಿಕ್ ಆಮ್ಲದೊಂದಿಗೆ ಜೋಡಿಸಿ ದೇಹದಿಂದ ಹೊರಹಾಕುವ ಯಕೃತ್ತಿನ ಸಾಮರ್ಥ್ಯ ಬೆಕ್ಕಿನಲ್ಲಿ ಬಹಳ ದುರ್ಬಲ. ಟೀ ಟ್ರೀ, ಲವಂಗ, ಥೈಮ್ ಎಣ್ಣೆಗಳು ಬೆಕ್ಕಿನ ಮೈಯಲ್ಲಿ ಕೂಡಿಕೊಂಡು ನಡುಕ, ತೂಕಡಿಕೆ, ಯಕೃತ್ತಿನ ಹಾನಿಗೆ ಕಾರಣವಾಗಬಲ್ಲವು. ನಾಯಿ ತುಸು ಹೆಚ್ಚು ತಾಳಿಕೊಂಡರೂ, ಹಚ್ಚಿದ್ದನ್ನು ನೆಕ್ಕುವುದರಿಂದ ಚರ್ಮದ ಲೆಕ್ಕ ಹೊಟ್ಟೆಯ ಲೆಕ್ಕವಾಗಿಬಿಡುತ್ತದೆ. ತೆಳುಗೊಳಿಸದ ಟೀ ಟ್ರೀ ಎಣ್ಣೆಯಿಂದ ನಾಯಿಗಳಿಗೆ ವಿಷವೇರಿದ ಪ್ರಕರಣಗಳು ಪಶುವೈದ್ಯರಿಗೆ ಪರಿಚಿತ. ಪ್ರಾಣಿಗಳಿಗೆ ಪಶುವೈದ್ಯರು ಕೊಡುವ ಉಣುಗು ಔಷಧಿಯೇ ಸರಿ.

ಹಚ್ಚುವ ಜಾಗದ ಬಗ್ಗೆಯೂ ಯೋಚಿಸಬೇಕು. ಉಣುಗು ಸಾಮಾನ್ಯವಾಗಿ ಪಾದ, ಕಣಕಾಲಿನ ಮಟ್ಟದಲ್ಲಿ ಹತ್ತಿಕೊಂಡು ಅಲ್ಲಿಂದ ಮೇಲಕ್ಕೆ ತೆವಳುತ್ತದೆ. ಆದ್ದರಿಂದ ಕುತ್ತಿಗೆ, ಕೈಗಳಿಗಿಂತ ಬೂಟು, ಕಾಲುಚೀಲ, ಪ್ಯಾಂಟಿನ ಕೆಳ ಅಂಚು ಮುಖ್ಯ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸುವುದು ನೋಡಲು ಚಂದವಿರಲಾರದು, ಆದರೆ ಹಲವು ಎಣ್ಣೆಗಳಿಗಿಂತ ಹೆಚ್ಚು ಉಪಯುಕ್ತ. ಸಾರತೈಲದ ಮಿಶ್ರಣವನ್ನು ಪ್ರತಿ ಅರ್ಧ ಗಂಟೆಗೋ ಗಂಟೆಗೋ ಮತ್ತೆ ಹಚ್ಚಬೇಕಾಗುತ್ತದೆ, ಮತ್ತು ಹೀಗೆ ಪದೇಪದೇ ಹಚ್ಚುವುದರಿಂದ ಚರ್ಮಕ್ಕೆ ತಗಲುವ ಒಟ್ಟು ಪ್ರಮಾಣ ಏರುತ್ತದೆ. ಉಣುಗಿನಿಂದ ರೋಗ ಹರಡುವ ಪ್ರದೇಶದಲ್ಲಿ ದಿನವಿಡೀ ಕೆಲಸ ಮಾಡುವವರಿಗೆ ನನ್ನ ಅಭಿಪ್ರಾಯದಲ್ಲಿ ಇದು ಆಯ್ಕೆಯೇ ಅಲ್ಲ. ಅವರು ಚರ್ಮಕ್ಕೆ ಶೇಕಡ 20ರಿಂದ 30ರ ಡೀಟ್, ಪಿಕಾರಿಡಿನ್ ಎಂಬ ಇನ್ನೊಂದು ಸಂಶ್ಲೇಷಿತ ನಿವಾರಕ ಅಥವಾ ಸಂಸ್ಕರಿತ ಪಿಎಂಡಿಯನ್ನೂ, ಬಟ್ಟೆಗೆ ಶೇಕಡ 0.5ರ ಪರ್ಮೆತ್ರಿನ್ ಎಂಬ ಕೀಟನಾಶಕವನ್ನೂ ಬಳಸಬೇಕು. ಪರ್ಮೆತ್ರಿನ್ ಬಟ್ಟೆಗೆ ಮಾತ್ರ, ಚರ್ಮಕ್ಕಲ್ಲ. ಒಣಗುವ ತನಕ ಬೆಕ್ಕು ಅದರ ಬಳಿ ಸುಳಿಯಬಾರದು. ಸಸ್ಯಮೂಲವೇ ಬೇಕೆಂಬ ಹಂಬಲವುಳ್ಳವರಿಗೂ ಪಿಎಂಡಿ ಇರುವುದರಿಂದ, ಸುರಕ್ಷತೆಗಾಗಿ ತತ್ತ್ವವನ್ನು ಬಿಟ್ಟುಕೊಡಬೇಕಾದ ಪ್ರಸಂಗವೇನೂ ಬರುವುದಿಲ್ಲ.

ಯಾವ ನಿವಾರಕವನ್ನು ಹಚ್ಚಿದ್ದರೂ ಮನೆಗೆ ಮರಳಿದ ಮೇಲೆ ಮೈ ನೋಡಿಕೊಳ್ಳುವುದನ್ನು ಬಿಡುವಂತಿಲ್ಲ. ಎರಡು ಗಂಟೆಯೊಳಗೆ ಸ್ನಾನ ಮಾಡಿ, ಮಂಡಿಯ ಹಿಂಭಾಗ, ತೊಡೆಸಂದು, ಸೊಂಟ, ಕಂಕುಳು, ಕಿವಿಯ ಹಿಂದೆ, ಕೂದಲಿನೊಳಗೆ ಹುಡುಕಬೇಕು. ಎಳೆಯ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ, ಅದರ ಜೊಲ್ಲಿನಲ್ಲಿ ನೋವು ತಿಳಿಯದಂತೆ ಮಾಡುವ ವಸ್ತುಗಳಿರುವುದರಿಂದ ಕಡಿತದ ಅರಿವೇ ಆಗದಿರಬಹುದು. ಬಟ್ಟೆಯನ್ನು ಬಿಸಿಗಾಳಿಯ ಡ್ರೈಯರ್‌ನಲ್ಲಿ ಹೆಚ್ಚಿನ ಶಾಖದಲ್ಲಿ ಹತ್ತು ನಿಮಿಷ ಒಣಗಿಸಿದರೆ ಅದರಲ್ಲಿ ಅಡಗಿರುವ ಉಣುಗು ಸಾಯುತ್ತದೆ.

ಕಚ್ಚಿಕೊಂಡ ಉಣುಗಿನ ಮೇಲೆ ಮಾತ್ರ ಸಾರತೈಲವನ್ನಾಗಲಿ ಬೇರಾವ ಎಣ್ಣೆಯನ್ನಾಗಲಿ ಸುರಿಯಕೂಡದು. ಉಸಿರುಗಟ್ಟಿ ತಾನಾಗಿ ಬಿಡುತ್ತದೆ ಎಂಬ ಎಣಿಕೆ ಸುಳ್ಳು: ಉಣುಗು ಗಂಟೆಗೆ ಕೆಲವೇ ಬಾರಿ ಉಸಿರಾಡುವ ಜೀವಿ, ಅಷ್ಟು ಹೊತ್ತು ಅದು ರಕ್ತ ಹೀರುತ್ತಲೇ ಇರುತ್ತದೆ, ಕೆರಳಿದರೆ ಜೊಲ್ಲನ್ನೂ ಅದರೊಂದಿಗೆ ರೋಗಾಣುವನ್ನೂ ಗಾಯದೊಳಗೆ ಉಗುಳುವ ಸಾಧ್ಯತೆಯಿದೆ. ಚೂಪು ತುದಿಯ ಚಿಮಟದಿಂದ ಚರ್ಮಕ್ಕೆ ಆದಷ್ಟು ತಾಗುವಂತೆ ಅದರ ಬಾಯಿಯ ಭಾಗವನ್ನು ಹಿಡಿದು, ತಿರುಚದೆ, ಒಂದೇ ಸಮನೆ ಮೇಲಕ್ಕೆ ಎಳೆದು ತೆಗೆದು, ಜಾಗವನ್ನು ಸೋಪು ನೀರಿನಿಂದ ತೊಳೆಯಬೇಕು. ಬೇಗ ತೆಗೆದಷ್ಟೂ ಒಳಿತು: ಲೈಮ್ ಕಾಯಿಲೆಯ ಬ್ಯಾಕ್ಟೀರಿಯಾ ದಾಟಲು ಸಾಮಾನ್ಯವಾಗಿ 24 ಗಂಟೆಗೂ ಹೆಚ್ಚು ಬೇಕು, ಆದರೆ ಪೊವಾಸ್ಸನ್‌ನಂಥ ವೈರಸ್‌ಗೆ ಕೆಲವು ನಿಮಿಷಗಳೇ ಸಾಕಾಗಬಹುದು. ಕಡಿತದ ನಂತರದ ಕೆಲವು ವಾರಗಳಲ್ಲಿ ಜ್ವರ, ತೀವ್ರ ತಲೆನೋವು, ಮೈಕೈ ನೋವು ಅಥವಾ ಚರ್ಮದ ಮೇಲೆ ಹರಡುವ ಕೆಂಪು ಗುರುತು ಕಂಡರೆ ವೈದ್ಯರ ಬಳಿ ಹೋಗಿ, ಉಣುಗು ಕಚ್ಚಿದ ದಿನ ಮತ್ತು ಸ್ಥಳವನ್ನು ಅವರು ಕೇಳುವ ಮೊದಲೇ ಹೇಳಬೇಕು.